ಎಲೆಕ್ಟ್ರಾನಿಕ್ ಕಸ್ಟಮ್ಸ್ ಬಂದ ಮೇಲೆ ಬ್ರೋಕರ್ ಕಚೇರಿಯಲ್ಲಿ ಜನರನ್ನು ಕಡಿಮೆ ಮಾಡಬಹುದೇ?

ನಾನೂ ಇದೇ ಲೆಕ್ಕ ಹಾಕಿದ್ದವನು. ಕಡತಗಳ ಬದಲು ಎಲೆಕ್ಟ್ರಾನಿಕ್ ಘೋಷಣೆ ಬಂದರೆ, ಆಮದುದಾರರ ಪರವಾಗಿ ಸುಂಕದ ಕೆಲಸ ಮಾಡಿಸಿಕೊಡುವ ಕಸ್ಟಮ್ಸ್ ಬ್ರೋಕರ್‌ಗಳಿಗೆ ಏನು ಲಾಭ, ಕಚೇರಿಯಲ್ಲಿ ಎಷ್ಟು ಜನರನ್ನು ಕಡಿಮೆ ಮಾಡಬಹುದು ಎಂದು ಕೇಳಿದ್ದೀರಿ. ಲಾಭ ದೊಡ್ಡದೇ ಇದೆ. ಆದರೆ ಅದನ್ನು ಸಂಬಳದ ಪಟ್ಟಿಯಲ್ಲಿ ಹುಡುಕಬೇಡಿ. ಹಾಗೆ ಹುಡುಕಲು ಹೋಗಿ ನಮ್ಮ ಕಚೇರಿ ತನ್ನ ಅತಿ ದೊಡ್ಡ ಗಿರಾಕಿಯನ್ನು ಕಳೆದುಕೊಂಡಿತು.

ಕಾಗದದ ಕಾಲದಲ್ಲಿ ನಮ್ಮಲ್ಲಿ ಕೆಲವರು ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನೋಡಿ ಟೈಪ್ ಮಾಡುತ್ತಿದ್ದರು, ಕೆಲವರು ಕಡತ ಹಿಡಿದು ಮೇಜಿನಿಂದ ಮೇಜಿಗೆ ಓಡಾಡಿ ಸಹಿ, ಮೊಹರು ಹಾಕಿಸಿಕೊಂಡು ಬರುತ್ತಿದ್ದರು. ಇವರಲ್ಲದೆ ಹಿರಿಯರೊಬ್ಬರಿದ್ದರು. ಸರಕಿನ ಕ್ಯಾಟಲಾಗ್ ಮುಂದಿಟ್ಟುಕೊಂಡು ಅದು ಸುಂಕ ಪಟ್ಟಿಯ ಯಾವ ಶೀರ್ಷಿಕೆಗೆ, ಅಂದರೆ ಯಾವ ಸಂಖ್ಯೆಯ ವರ್ಗಕ್ಕೆ ಸೇರುತ್ತದೆ ಎಂದು ತೀರ್ಮಾನಿಸುವುದಷ್ಟೇ ಅವರ ಕೆಲಸ. ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದ ಕೂಡಲೇ ಓಡಾಟ ನಿಂತಿತು, ಟೈಪಿಂಗ್ ಅರ್ಧಕ್ಕಿಳಿಯಿತು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ತಂತ್ರಾಂಶದಲ್ಲಿ ಹಿಂದಿನ ಘೋಷಣೆಯನ್ನು ನಕಲು ಮಾಡಿಕೊಳ್ಳುವ ಸೌಲಭ್ಯವಿತ್ತು. ಅದೇ ಆಮದುದಾರ, ಅದೇ ಸರಕು. ಇನ್‌ವಾಯ್ಸ್ ಸಂಖ್ಯೆ, ಪ್ರಮಾಣ, ಮೌಲ್ಯ ಬದಲಿಸಿ ಕಳುಹಿಸಿದರೆ ಮುಗಿಯಿತು. ಇನ್ನು ವರ್ಗೀಕರಣಕ್ಕೆಂದೇ ಒಬ್ಬರು ಏಕೆ ಎಂದುಕೊಂಡು ಆ ಹಿರಿಯರನ್ನು ಬಾಕಿ ವಸೂಲಿಗೆ ಹಾಕಿದೆ.

ಮುಂದೆ ನಡೆದದ್ದನ್ನು ಬಿಡಿಸಿ ಹೇಳುತ್ತೇನೆ, ಇದು ಯಾವ ಕಚೇರಿಯಲ್ಲಾದರೂ ಆಗಬಹುದಾದದ್ದು. ಆ ಗಿರಾಕಿ ತರಿಸುತ್ತಿದ್ದದ್ದು ಬೇರೆ ಉಪಕರಣಗಳೊಳಗೆ ಕೂರಿಸುವ ಪರದೆಗಳಾದ ಫ್ಲಾಟ್ ಪ್ಯಾನೆಲ್ ಡಿಸ್‌ಪ್ಲೇ ಮಾಡ್ಯೂಲ್‌ಗಳು. ನಾವು ಅವನ್ನು 8529ರಲ್ಲಿ, ಅಂದರೆ ಟಿವಿ, ಮಾನಿಟರ್ ಮೊದಲಾದವುಗಳ ಬಿಡಿಭಾಗಗಳ ಶೀರ್ಷಿಕೆಯಲ್ಲಿ ತೋರಿಸುತ್ತಿದ್ದೆವು. ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್.ಎಸ್. ಎಂಬ ಅಂತರರಾಷ್ಟ್ರೀಯ ಸರಕು ವರ್ಗೀಕರಣ ಪಟ್ಟಿಯ 2022ರ ಆವೃತ್ತಿಯಲ್ಲಿ ಇಂಥ ಮಾಡ್ಯೂಲ್‌ಗಳಿಗೆಂದೇ 8524 ಎಂಬ ಶೀರ್ಷಿಕೆ ಬಂತು. ವಿವರಣೆಗೆ ಹೊಂದುವ ಮಾಡ್ಯೂಲ್‌ಗೆ ಬೇರೆಲ್ಲ ಶೀರ್ಷಿಕೆಗಳಿಗಿಂತ 8524ಕ್ಕೇ ಆದ್ಯತೆ ಎಂದು 85ನೇ ಅಧ್ಯಾಯದ 7ನೇ ಟಿಪ್ಪಣಿ ಸ್ಪಷ್ಟವಾಗಿ ಹೇಳುತ್ತದೆ. ಹೊಸ ಪಟ್ಟಿ ಜಾರಿಯಾದ ಮೇಲೂ ನಮ್ಮ ನಕಲಿನಲ್ಲಿ 8529 ಹಾಗೆಯೇ ಉಳಿಯಿತು.

8529 ರದ್ದಾಗಿದ್ದರೆ ವ್ಯವಸ್ಥೆಯೇ ಘೋಷಣೆಯನ್ನು ತಿರಸ್ಕರಿಸುತ್ತಿತ್ತು. ಆದರೆ ಅದು ಬೇರೆ ಸರಕುಗಳಿಗಾಗಿ ಪಟ್ಟಿಯಲ್ಲಿ ಈಗಲೂ ಇದೆ. ಕೋಡ್ ಚಾಲ್ತಿಯಲ್ಲಿದೆಯೇ, ಕಡ್ಡಾಯ ಅಂಕಣಗಳು ತುಂಬಿವೆಯೇ, ಮೌಲ್ಯಕ್ಕೂ ಸುಂಕಕ್ಕೂ ತಾಳೆಯಾಗುತ್ತದೆಯೇ ಎಂಬುದನ್ನು ಯಂತ್ರ ನೋಡಿತು. ಪೆಟ್ಟಿಗೆಯೊಳಗಿನ ವಸ್ತು ಆ ಕೋಡಿಗೆ ಸೇರಿದ್ದೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆಮದುದಾರರ ಹಿಂದಿನ ದಾಖಲೆ ಸ್ವಚ್ಛವಾಗಿದ್ದರಿಂದ ಘೋಷಣೆಗಳು ಹಸಿರು ಮಾರ್ಗದಲ್ಲಿ ತಪಾಸಣೆಯಿಲ್ಲದೆ ದಾಟಿದವು. ಕಾಗದದ ಕಾಲವಾಗಿದ್ದರೆ ಮೊದಲ ಕಂಟೇನರ್‌ಗೇ ಅಧಿಕಾರಿ ಕ್ಯಾಟಲಾಗ್ ಕೇಳುತ್ತಿದ್ದರೇನೋ. ತಡವಾಗುತ್ತಿತ್ತು, ಆದರೆ ತಪ್ಪು ಒಂದಕ್ಕೇ ನಿಲ್ಲುತ್ತಿತ್ತು. ಇಲ್ಲಿ ಒಂದೇ ತಪ್ಪು ಕಂಟೇನರ್ ಮೇಲೆ ಕಂಟೇನರ್ ಹತ್ತಿ ಹೋಯಿತು. ಬಿಡುಗಡೆಯ ನಂತರದ ಲೆಕ್ಕಪರಿಶೋಧನೆಯಲ್ಲಿ ಎಲ್ಲ ಘೋಷಣೆಗಳೂ ಒಟ್ಟಿಗೆ ಹೊರಬಿದ್ದವು. ನಮ್ಮ ಸುಂಕ ಪಟ್ಟಿಯಲ್ಲಿ ಎರಡೂ ಶೀರ್ಷಿಕೆಗಳ ದರ ಬೇರೆ ಬೇರೆ. ವ್ಯತ್ಯಾಸದ ಸುಂಕ, ಬಡ್ಡಿ, ದಂಡ ಎಲ್ಲವೂ ಗಿರಾಕಿಯ ತಲೆಗೆ ಬಂತು. ಹೊಸ ಶೀರ್ಷಿಕೆ ಬಂದದ್ದು ನಿಮಗೆ ಗೊತ್ತಿರಲಿಲ್ಲವೇ ಎಂದು ಅವರು ಕೇಳಿದರು. ಅದನ್ನು ಗಮನಿಸಬೇಕಾದವರನ್ನು ಆ ಮೇಜಿನಿಂದ ಎಬ್ಬಿಸಿದ್ದವನು ನಾನೇ.

ಹಾಗೆಂದು ಕಾಗದಕ್ಕೆ ಮರಳಿ ಎನ್ನುವವನು ನಾನಲ್ಲ. ಎಲೆಕ್ಟ್ರಾನಿಕ್ ವ್ಯವಸ್ಥೆಯ ನಿಜವಾದ ಲಾಭ ಹಡಗು ಇನ್ನೂ ಸಮುದ್ರದಲ್ಲಿರುವಾಗ ಸಿಗುತ್ತದೆ. 2017ರ ಫೆಬ್ರುವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದದ 7ನೇ ವಿಧಿಯಲ್ಲಿ ಸರಕು ಬರುವ ಮೊದಲೇ ದಾಖಲೆ ಸಲ್ಲಿಸುವುದಕ್ಕೂ ಎಲೆಕ್ಟ್ರಾನಿಕ್ ಪಾವತಿಗೂ ಅವಕಾಶವಿದೆ. ಘೋಷಣೆ, ಪಾವತಿ ಮೊದಲೇ ಮುಗಿದಿದ್ದರೆ ತಪಾಸಣೆಗೆ ಆಯ್ಕೆಯಾಗದ ಕಂಟೇನರ್ ಇಳಿದ ಬೆನ್ನಿಗೇ ಹೊರಡುತ್ತದೆ, ಬಂದರಿನಲ್ಲಿ ಹೆಚ್ಚು ದಿನ ಉಳಿದದ್ದಕ್ಕೆ ತೆರಬೇಕಾದ ಡೆಮರೇಜ್ ಬೀಳುವುದಿಲ್ಲ. ವೇಗಕ್ಕಿಂತ ನಾನು ಹೆಚ್ಚು ಬೆಲೆ ಕೊಡುವುದು ಖಚಿತತೆಗೆ. ಸರಕು ಯಾವ ದಿನ ಗೋದಾಮಿಗೆ ಬರುತ್ತದೆ ಎಂದು ಕಾರ್ಖಾನೆಗೆ ಗೊತ್ತಿದ್ದರೆ, ಎಲ್ಲಿ ಕೈಕೊಡುತ್ತದೋ ಎಂದು ಹೆಚ್ಚುವರಿ ದಾಸ್ತಾನು ಇಟ್ಟುಕೊಳ್ಳಬೇಕಾಗಿಲ್ಲ.

ಏಕಗವಾಕ್ಷಿ ವ್ಯವಸ್ಥೆಯೂ ಹಾಗೆಯೇ. ಸಿಂಗಪುರ 1989ರಲ್ಲೇ ಟ್ರೇಡ್‌ನೆಟ್ ಮೂಲಕ ಇದನ್ನು ಮಾಡಿ ತೋರಿಸಿತು. ಒಮ್ಮೆ ತುಂಬಿದ ಮಾಹಿತಿ ಸಂಬಂಧಪಟ್ಟ ಎಲ್ಲ ಇಲಾಖೆಗಳಿಗೂ ಹೋಗುತ್ತದೆ. ಅದೇ ಸರಕಿನ ಹೆಸರನ್ನು ಬೇರೆ ಬೇರೆ ಅರ್ಜಿಗಳಲ್ಲಿ ಬರೆದು, ಒಂದರಲ್ಲಿ ಅಕ್ಷರ ತಪ್ಪಿ ವಾರಗಟ್ಟಲೆ ಅಲೆದವರಿಗೆ ಇದರ ಬೆಲೆ ಗೊತ್ತು.

ಆದರೆ ಹಡಗು ಬಂದ ಮೇಲೆ ಇನ್‌ವಾಯ್ಸ್ ಕಳುಹಿಸುವ ಆಮದುದಾರರಿಗೆ ಯಾವ ತಂತ್ರಾಂಶವೂ ನೆರವಾಗದು. ಹಡಗು ಕಂಪನಿ ಕೊಡುವ ಸರಕಿನ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಪ್ಯಾಲೆಟ್‌ಗಳ ಸಂಖ್ಯೆ, ಪ್ಯಾಕಿಂಗ್ ಲಿಸ್ಟ್‌ನಲ್ಲಿ ಪೆಟ್ಟಿಗೆಗಳ ಸಂಖ್ಯೆ ಇದ್ದರೆ ಅದನ್ನು ಯಾರಾದರೂ ಮೊದಲೇ ಕುಳಿತು ತಾಳೆ ನೋಡಬೇಕು. ಹಾಗಾಗಿ ಎಷ್ಟು ಜನರನ್ನು ತೆಗೆಯಬಹುದು ಎಂಬ ಪ್ರಶ್ನೆಯನ್ನೇ ಬಿಡಿ. ಓಡಾಡುತ್ತಿದ್ದವರಿಗೆ ದಾಖಲೆಗಳನ್ನು ಮುಂಚಿತವಾಗಿ ತರಿಸಿ ತಾಳೆ ನೋಡುವ ಕೆಲಸ ಕೊಡಿ. ಮೂಲೆ ಮೂಲೆಯ ಕೌಂಟರ್‌ಗಳನ್ನು ಕಂಡವರು ಅವರು. ಯಾವ ದಾಖಲೆ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ವರ್ಗೀಕರಣ ಮಾಡುವವರನ್ನು ಯಾವ ಕಾರಣಕ್ಕೂ ಕದಲಿಸಬೇಡಿ. ಸುಂಕ ಪಟ್ಟಿ ಬದಲಾದಾಗಲೆಲ್ಲ ಹಳೆಯ ನಕಲುಗಳನ್ನು ಅವರು ಮತ್ತೆ ನೋಡಿ ಒಪ್ಪುವ ತನಕ ಯಾರೂ ಬಳಸಬಾರದು. ನಿಜಕ್ಕೂ ಅನುಮಾನವಿದ್ದರೆ ಸರಕು ತರಿಸುವ ಮೊದಲೇ ಅದರ ವರ್ಗೀಕರಣದ ಬಗ್ಗೆ ಕಸ್ಟಮ್ಸ್ ಇಲಾಖೆಯ ಮುಂಗಡ ತೀರ್ಪು ಕೇಳಿ. ಅದೇ ಒಪ್ಪಂದದ 3ನೇ ವಿಧಿಯಲ್ಲಿ ಅದಕ್ಕೆ ದಾರಿಯಿದೆ.

ನಿಮ್ಮ ಗಿರಾಕಿಗಳಲ್ಲಿ ಯಾರಾದರೂ ಡಿಸ್‌ಪ್ಲೇ ತರಿಸುತ್ತಿದ್ದರೆ ತಯಾರಕರ ತಾಂತ್ರಿಕ ವಿವರಪತ್ರವನ್ನು ಈಗಲೇ ಕೇಳಿ. ವಿಡಿಯೊ ಸಂಕೇತವನ್ನು ಪರಿವರ್ತಿಸುವ ಸ್ಕೇಲರ್ ಅಥವಾ ಡಿಕೋಡರ್ ಚಿಪ್ ಅದರಲ್ಲಿ ಸೇರಿದ್ದರೆ ಅದು 8524 ಅಲ್ಲ, ಬೇರೆ ಶೀರ್ಷಿಕೆ ನೋಡಬೇಕಾಗುತ್ತದೆ. ಇನ್‌ವಾಯ್ಸ್‌ನಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಬರೆದಿರುವುದಿಲ್ಲ.