ಮೀನು ರಾಜ್ಯದ್ದು, ಮರಳು ದಿಲ್ಲಿಯದ್ದು

ಮಲ್ಪೆಯ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಕೊಲ್ಲಂ ಕಡಲಿನ ಮರಳನ್ನು ಕೇಂದ್ರ ಸರ್ಕಾರ ಹರಾಜಿಗೆ ಇಟ್ಟಾಗ ಕೇರಳಕ್ಕೆ ಅದನ್ನು ತಡೆಯುವ ಅಧಿಕಾರ ಇಲ್ವಾ? ನಾಳೆ ನಮ್ಮ ಕರಾವಳಿಗೂ ಬಂದರೆ ಏನು ಮಾಡೋಣ?

ಮೊದಲನೆಯದಕ್ಕೆ ಉತ್ತರ: ಇಲ್ಲ. ಸಂವಿಧಾನದ 297ನೇ ವಿಧಿಯ ಪ್ರಕಾರ ಕಡಲ ತಳದ ಖನಿಜವೆಲ್ಲ ಕೇಂದ್ರದ್ದು. ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆಗೆ ಕಾನೂನು ಮಾಡುವುದು ರಾಜ್ಯ. ಮಳೆಗಾಲದಲ್ಲಿ ಬೋಟು ಇಳಿಸಬೇಡಿ ಅನ್ನುವ ಆದೇಶ ನಿಮಗೆ ಬರುವುದು ರಾಜ್ಯ ಸರ್ಕಾರದಿಂದ. ಅದೇ ಬೋಟಿನ ಕೆಳಗಿನ ಮರಳು ಮಾತ್ರ ದಿಲ್ಲಿಯ ಕೈಯಲ್ಲಿ. ನೇತ್ರಾವತಿಯ ಮರಳಿಗೆ ಪರವಾನಗಿ ಕೊಡುವುದೂ ರಾಜಧನ ಪಡೆಯುವುದೂ ರಾಜ್ಯವೇ. ಆ ಮರಳು ಅಳಿವೆ ದಾಟಿ ಕಡಲು ಸೇರಿದರೆ ರಾಜಧನ ಕೇಂದ್ರಕ್ಕೆ. ಕೇರಳದ ತಕರಾರಿನಲ್ಲಿ ಇದೂ ಒಂದು.

ಕಡಲ ತಳದ ಗಣಿಗಾರಿಕೆಗೆ ಒಂದು ಕಾಯ್ದೆ 2002ರಲ್ಲೇ ಆಗಿತ್ತು, ಜಾರಿಗೆ ಬಂದದ್ದು 2010ರಲ್ಲಿ. ಪರವಾನಗಿ ಹಂಚಿಕೆಯ ವಿವಾದ ಕೋರ್ಟು ಹತ್ತಿತು, ಗಣಿಗಾರಿಕೆ ಶುರುವೇ ಆಗಲಿಲ್ಲ. 2023ರ ತಿದ್ದುಪಡಿ ಖಾಸಗಿಯವರಿಗೆ ಹರಾಜನ್ನು ಕಡ್ಡಾಯ ಮಾಡಿತು. ಗುತ್ತಿಗೆಯ ಅವಧಿ 50 ವರ್ಷ. ಅಧಿಕಾರಿಯ ಮರ್ಜಿಗಿಂತ ಹರಾಜು ಎಷ್ಟೋ ವಾಸಿ, ಅದನ್ನು ಒಪ್ಪಲೇಬೇಕು. 2024ರ ನವೆಂಬರಿನಲ್ಲಿ ಮೊದಲ ಕಂತಿನ 13 ಬ್ಲಾಕುಗಳು, ಅಂದರೆ ಗಣಿಗಾರಿಕೆಗೆ ಗುರುತಿಸಿದ ಕಡಲಿನ ತುಂಡುಗಳು, ಹರಾಜಿಗೆ ಬಂದವು. ಗುಜರಾತಿನ ಕಡಲಿನ ಸುಣ್ಣದ ಕೆಸರಿಗೆ 3, ಕೇರಳದ ಮರಳಿಗೆ 3, ಗ್ರೇಟ್ ನಿಕೋಬಾರ್ ಬಳಿ ಆಳ ಕಡಲಿನ ಲೋಹದ ಗಂಟು ಮತ್ತು ಪದರಗಳಿಗೆ 7.

ಕೊಲ್ಲಂನ ಆಸುಪಾಸು ಮೀನು, ಸಿಗಡಿಗೆ ಹೆಸರಾದ ಜಾಗ. ತಳದ ಮರಳನ್ನು ಹೀರಿ ತೆಗೆದರೆ ಅಲ್ಲಿನ ಹುಳ, ಚಿಪ್ಪು, ಮರಿಗಳೂ ಅದರ ಜೊತೆ ಹೋಗುತ್ತವೆ. ಎದ್ದ ಕೆಸರು ಕಡಲ ನೀರಿನ ಹರಿವಿನೊಂದಿಗೆ ಹರಡುತ್ತದೆ. ಬ್ಲಾಕಿನ ಗೆರೆ ನಕ್ಷೆಯಲ್ಲಿ ಇರುತ್ತದೆ, ನೀರಿನಲ್ಲಿ ಇರುವುದಿಲ್ಲ ಅಲ್ವಾ? 2025ರ ಫೆಬ್ರವರಿ 27ರಂದು ಕೇರಳದ ಮೀನುಗಾರರು ಕರಾವಳಿ ಹರತಾಳ ಮಾಡಿದರು. ಮಾರ್ಚ್‌ನಲ್ಲಿ ವಿಧಾನಸಭೆ ವಿರೋಧದ ನಿರ್ಣಯ ಮಾಡಿತು. ನಿರ್ಣಯ ಕೇಂದ್ರದ ಕೈ ಕಟ್ಟುವುದಿಲ್ಲ, ನಿಜ.

ಕಡಲ ಮರಳು ಬಂದರೆ ನದಿಗಳು ಉಳಿಯುತ್ತವೆ ಅನ್ನುವ ವಾದವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಆದರೆ ಉಪ್ಪಿನ ಮರಳು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕಾಂಕ್ರೀಟಿಗೆ ಹಾಕುವ ಮೊದಲು ತೊಳೆಯಬೇಕು. ಅಷ್ಟು ಸಿಹಿನೀರು ಎಲ್ಲಿಂದ?

ತಿದ್ದುಪಡಿ ಒಂದು ಟ್ರಸ್ಟನ್ನೂ ಮಾಡಿದೆ. ಗುತ್ತಿಗೆದಾರರು ರಾಜಧನದ ಮೂರನೇ ಒಂದು ಭಾಗ ಮೀರದಷ್ಟು ಹಣವನ್ನು ಅದಕ್ಕೆ ಕಟ್ಟಬೇಕು. ಸಂಶೋಧನೆ, ಪರಿಸರ ಹಾನಿಯ ತಡೆ, ತೊಂದರೆಗೊಳಗಾದವರ ಹಿತ, ಎಲ್ಲಕ್ಕೂ ಅದೇ ಹಣ. ಮೀನುಗಾರರ ಪಾಲು ಇಷ್ಟು ಎಂದು ಕಾಯ್ದೆಯಲ್ಲಿ ಬರೆದಿಲ್ಲ. ನನ್ನ ದೊಡ್ಡ ತಕರಾರು ಇದೇ. ಬಲೆ ಬೀಸುವವರ ಮಾತು ಕೇಳಬೇಕಾದದ್ದು ಬ್ಲಾಕಿನ ಗೆರೆ ಎಳೆಯುವ ಮೊದಲು, ಹಾನಿಯಾದ ಮೇಲಲ್ಲ.

ನಿಮ್ಮ ಎರಡನೇ ಪ್ರಶ್ನೆ. ಆ 13ರಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ಆದರೆ ಕಡಲ ತಳದ ಸರ್ವೆ ಮಾಡುವ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಸಾಗರ ವಿಭಾಗದ ಕೇಂದ್ರ ಕಚೇರಿ ಇರುವುದು ಮಂಗಳೂರಿನಲ್ಲೇ. ನಮ್ಮ ಕಡಲಿನ ತಳದಲ್ಲಿ ಏನೇನು ಸಿಕ್ಕಿದೆ ಎಂದು ನಿಮ್ಮ ಮೀನುಗಾರರ ಸಂಘ ಈಗಲೇ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಲಿ. ನೀವು ಬಲೆ ಬೀಸುವ ಜಾಗಗಳ ನಕ್ಷೆಯನ್ನು ಜಿಪಿಎಸ್ ಗುರುತಿನ ಸಮೇತ ಮಾಡಿ ಮೀನುಗಾರಿಕೆ ಇಲಾಖೆಗೂ ಗಣಿ ಸಚಿವಾಲಯಕ್ಕೂ ಕೊಟ್ಟು, ಸ್ವೀಕೃತಿ ಪಡೆದಿಡಿ.