ಪ್ರಶ್ನೋತ್ತರ: ಡ್ರೈಸೂಟ್‌ಗಿಂತ ಮೊದಲು ಅದರೊಳಗಿನ ಉಡುಪು

ಪ್ರಶ್ನೆ: ನಾನು ಕುಮಟಾದವಳು. ಮುರ್ಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಕಲಿತೆ. ಅಲ್ಲಿ ಮತ್ತು ಅಂಡಮಾನಿನಲ್ಲಿ ಸೇರಿ ಸುಮಾರು 30 ಡೈವ್ ಮಾಡಿದ್ದೇನೆ. ಈಗ ಉದ್ಯೋಗದ ಮೇಲೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದು, ಆರ್ಕ್ನಿ ದ್ವೀಪಗಳ ನಡುವಣ ಕಡಲಾದ ಸ್ಕಾಪಾ ಫ್ಲೋದಲ್ಲಿ ಮುಳುಗಿರುವ ಹಡಗುಗಳನ್ನು ನೋಡಬೇಕೆಂಬ ಆಸೆಯಿದೆ. ಅಂಗಡಿಯಲ್ಲಿ ನಿಯೋಪ್ರೀನ್ ಮತ್ತು ಟ್ರೈಲ್ಯಾಮಿನೇಟ್ ಎಂಬ ಎರಡು ಬಗೆಯ ಡ್ರೈಸೂಟ್ (ನೀರು ಒಳಬಾರದ ಡೈವಿಂಗ್ ಉಡುಪು) ತೋರಿಸಿದರು. ಯಾವುದನ್ನು ಕೊಳ್ಳಲಿ? ಊರಿನಿಂದ ತಂದಿರುವ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಒದಗಿಸುವ ಉಪಕರಣ), ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್), ಕಾಲಿಗೆ ಹಾಕುವ ಫಿನ್‌ಗಳು ಇಲ್ಲಿಗೆ ಸಾಕಾಗುತ್ತವೆಯೇ?
— ಎಸ್. ಎನ್., ಅಬರ್ಡೀನ್

ಉತ್ತರ: ನಿಮ್ಮ ಆಸೆ ದೊಡ್ಡದೇ. 1919ರ ಜೂನ್ 21ರಂದು ಜರ್ಮನ್ ನೌಕಾಪಡೆಯವರು ತಮ್ಮ ಹಡಗುಗಳನ್ನು ತಾವೇ ಮುಳುಗಿಸಿದ ಜಾಗ ಅದು. ಬಹುಪಾಲು ಹಡಗುಗಳನ್ನು ಆಮೇಲೆ ಗುಜರಿಗಾಗಿ ಮೇಲೆತ್ತಿದರು. ಉಳಿದವುಗಳಲ್ಲಿ ಮುಖ್ಯವಾದವು ಮೂರು ಯುದ್ಧನೌಕೆಗಳು ಮತ್ತು ನಾಲ್ಕು ಲಘು ಕ್ರೂಸರ್‌ಗಳು. ಯುದ್ಧನೌಕೆಗಳು 40 ಮೀಟರ್ ಆಸುಪಾಸಿನ ಆಳದಲ್ಲಿ ಮಗುಚಿ ಬಿದ್ದಿವೆ. ಅಲ್ಲಿನ ನೀರು ವಸಂತದಲ್ಲಿ 6–7 ಡಿಗ್ರಿ ಇದ್ದರೆ, ಬೇಸಿಗೆಯ ಕೊನೆಗೆ 13ರ ಹತ್ತಿರ ಬರುತ್ತದೆ. ನೇತ್ರಾಣಿಯ 28 ಡಿಗ್ರಿಯಲ್ಲಿ ಪಳಗಿದ ಮೈಗೆ ಇದು ಬೇರೆಯೇ ಲೋಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ಕರಾವಳಿಯಲ್ಲಿ ಸಾಕಾಗಿದ್ದ ನೀರು ಒಳಸೇರುವ 3 ಮಿಲಿಮೀಟರ್ ವೆಟ್‌ಸೂಟಿನ ಲೆಕ್ಕಾಚಾರವನ್ನು ಇಲ್ಲಿಗೆ ತರಲಾಗದು.

ಅಂಗಡಿಯವರು ನಿಮಗೆ ಸೂಟಿನಿಂದ ಆರಂಭಿಸಿ ತೋರಿಸಿದ್ದಾರೆ. ನಾನಾದರೆ ಒಳಗಿನಿಂದ ಆರಂಭಿಸಿ ಎನ್ನುತ್ತೇನೆ. ಮಲೆನಾಡಿನಲ್ಲಿ ಮಳೆಗಾಲದ ನಾಟಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿದವರಿಗೆ, ಮೈ ನೆನೆಯದಿದ್ದರೂ ಚಳಿ ಬಿಡುವುದಿಲ್ಲವೆಂದು ಗೊತ್ತು. ಕಂಬಳಿಕೊಪ್ಪೆಯ ಮಾತೇ ಬೇರೆ. ಟ್ರೈಲ್ಯಾಮಿನೇಟ್ ಡ್ರೈಸೂಟ್ ಆ ಪ್ಲಾಸ್ಟಿಕ್ ಕೊಪ್ಪೆಯಂತೆ ನೀರನ್ನು ತಡೆಯುತ್ತದೆ, ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಒಳಉಡುಪು ಮತ್ತು ಅದರ ಎಳೆಗಳ ನಡುವೆ ನಿಂತ ಗಾಳಿ. ಆದ್ದರಿಂದ ಮೈಗೆ ತಾಗುವಂತೆ ಮೆರಿನೊ ಉಣ್ಣೆಯ ತೆಳುವಾದ ಪದರ, ಅದರ ಮೇಲೆ ಡೈವಿಂಗ್‌ಗೆಂದೇ ಮಾಡಿದ ಥಿನ್ಸುಲೇಟ್ ಎಂಬ ಕೃತಕ ನಾರು ತುಂಬಿದ ಉಡುಪು ಇರಲಿ. ಬೇಸಿಗೆಯ ನೀರಿಗೆ ಚದರ ಮೀಟರಿಗೆ 200 ಗ್ರಾಂ ತೂಕದ್ದು ಬಹುತೇಕರಿಗೆ ಸಾಕು, ವಸಂತದಲ್ಲಿ ಇಳಿಯುವುದಾದರೆ 400 ಗ್ರಾಂನದು ಒಳ್ಳೆಯದು. ಹತ್ತಿಯ ಬನಿಯನ್ ಮತ್ತು ಹತ್ತಿಯ ಕಾಲುಚೀಲಗಳನ್ನು ಮನೆಯಲ್ಲೇ ಬಿಡಿ. ದಡದಲ್ಲಿ ಸೂಟ್ ಹಾಕಿಕೊಳ್ಳುವಾಗ ಬೆವರುವುದು ಖಂಡಿತ, ಆ ಬೆವರನ್ನು ಹೀರಿದ ಹತ್ತಿ ನೀರಿನೊಳಗೆ ನಿಮ್ಮನ್ನು ನಡುಗಿಸುತ್ತದೆ.

ಒಳಉಡುಪು ನಿಶ್ಚಯವಾದ ಮೇಲೆ ಸೂಟಿನ ಪ್ರಶ್ನೆ. ನಿಯೋಪ್ರೀನ್ ಸೂಟಿನ ಬಟ್ಟೆಯಲ್ಲೇ ಗಾಳಿಗುಳ್ಳೆಗಳಿರುವುದರಿಂದ ಅದು ತಾನಾಗಿಯೇ ಸ್ವಲ್ಪ ಬೆಚ್ಚಗಿರುತ್ತದೆ, ಮೈಗೆ ಹೊಂದಿಕೊಂಡು ಎಳೆದಂತೆ ಹಿಗ್ಗುತ್ತದೆ, ಈಜಲು ಹಿತ. ಆದರೆ 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿ, 30 ಮೀಟರಿನಲ್ಲಿ ನಾಲ್ಕು ಪಟ್ಟಾಗಿ ಆ ಗುಳ್ಳೆಗಳು ಕುಗ್ಗುತ್ತವೆ; ಹೆಚ್ಚು ಬೆಚ್ಚಗಿರಬೇಕಾದ ಆಳದಲ್ಲೇ ಸೂಟ್ ತೆಳುವಾಗುತ್ತದೆ, ತೇಲುವಿಕೆಯೂ ಬದಲಾಗುತ್ತದೆ. ಮೊದಲೇ ಒತ್ತಿ ದಟ್ಟವಾಗಿಸಿದ ನಿಯೋಪ್ರೀನಿನಲ್ಲಿ ಈ ತೊಂದರೆ ಕಡಿಮೆ. ಎರಡು ಬಟ್ಟೆಗಳ ನಡುವೆ ಬ್ಯೂಟೈಲ್ ರಬ್ಬರಿನ ಪದರವಿರುವ ಟ್ರೈಲ್ಯಾಮಿನೇಟ್ ಎಷ್ಟು ಆಳಕ್ಕೆ ಹೋದರೂ ಬದಲಾಗುವುದಿಲ್ಲ, ಬೇಗ ಒಣಗುತ್ತದೆ, ಹಗುರ, ತೇಪೆ ಹಾಕುವುದೂ ಸುಲಭ. ಒಳಉಡುಪು ಬದಲಾಯಿಸಿ ಅದೇ ಸೂಟನ್ನು 6 ಡಿಗ್ರಿಗೂ 14 ಡಿಗ್ರಿಗೂ ಬಳಸಬಹುದಾದ್ದರಿಂದ ನಿಮಗೆ ನನ್ನ ಸಲಹೆ ಟ್ರೈಲ್ಯಾಮಿನೇಟ್. ಈ ಬಟ್ಟೆ ಹಿಗ್ಗದ ಕಾರಣ ಅಳತೆ ಮುಖ್ಯ. ದಪ್ಪನೆಯ ಒಳಉಡುಪನ್ನು ಅಂಗಡಿಗೇ ಒಯ್ದು, ಅದರ ಮೇಲೆ ಸೂಟ್ ಹಾಕಿ, ಕುಕ್ಕರುಗಾಲಿನಲ್ಲಿ ಕುಳಿತು, ಬಳಿಕ ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು ಬೆನ್ನಿನ ಸಿಲಿಂಡರಿನ ವಾಲ್ವ್ ಇರುವ ಎತ್ತರ ಮುಟ್ಟಿ ನೋಡಿ. ಮುಟ್ಟಲಾಗದಿದ್ದರೆ ಆ ಸೂಟ್ ನಿಮ್ಮದಲ್ಲ. ಗಂಡಸರ ಅಳತೆಯ ಸೂಟನ್ನೇ ಚಿಕ್ಕದು ಮಾಡಿ ಕೊಡುತ್ತೇವೆಂದರೆ ಒಪ್ಪಬೇಡಿ. ಹೆಂಗಸರ ಅಳತೆಗೇ ಕತ್ತರಿಸಿದ ಸೂಟ್‌ಗಳು ಸಿಗುತ್ತವೆ.

ಕುತ್ತಿಗೆ ಮತ್ತು ಮಣಿಕಟ್ಟಿನಲ್ಲಿ ನೀರು ನುಸುಳದಂತೆ ಬಿಗಿಯುವ ಸೀಲ್‌ಗಳ ವಿಚಾರದಲ್ಲಿ ಸ್ವಲ್ಪ ನಿಧಾನಿಸಬೇಕು. ಲ್ಯಾಟೆಕ್ಸ್ ಸೀಲ್ ತೆಳು, ಹಿಡಿತ ಚೆನ್ನ, ಆದರೆ ಬಿಸಿಲು ಮತ್ತು ಎಣ್ಣೆ ಅದಕ್ಕೆ ಶತ್ರು. ನಮ್ಮ ಕಡೆಯವರಿಗೆ ಇದನ್ನು ವಿಶೇಷವಾಗಿ ಹೇಳಬೇಕಾಗಿದೆ: ತಲೆಗೆ ತೆಂಗಿನೆಣ್ಣೆ ಹಚ್ಚಿದ ದಿನ ಲ್ಯಾಟೆಕ್ಸ್ ಕುತ್ತಿಗೆಪಟ್ಟಿಯೊಳಗೆ ತಲೆ ತೂರಿಸಬೇಡಿ, ರಬ್ಬರ್ ಅಂಟಂಟಾಗಿ ಹಾಳಾಗುತ್ತದೆ. ಹಾಕಿಕೊಳ್ಳಲು ಜಾರುವಂತಾಗಲು ಬಳಸುವ ಟಾಲ್ಕಮ್ ಪುಡಿಯೂ ಸುಗಂಧವಿಲ್ಲದ್ದಾಗಿರಲಿ. ಸಿಲಿಕೋನ್ ಸೀಲ್ ಇನ್ನೂ ಮೃದು, ಲ್ಯಾಟೆಕ್ಸ್ ಅಲರ್ಜಿಯಿದ್ದವರಿಗೆ ಅದೇ ಸರಿ; ಆದರೆ ಬೇಗ ಹರಿಯುತ್ತದೆ ಮತ್ತು ಅದನ್ನು ಕೂರಿಸಲು ಸೂಟಿನಲ್ಲಿ ಉಂಗುರದ ವ್ಯವಸ್ಥೆ ಬೇಕು. ಆ ಉಂಗುರವಿದ್ದರೆ ಹರಿದ ಸೀಲನ್ನು ದೋಣಿಯಲ್ಲೇ ಕೆಲವು ನಿಮಿಷಗಳಲ್ಲಿ ಬದಲಾಯಿಸಬಹುದು. ನನ್ನ ಮೊದಲ ವರ್ಷದ ಒಂದು ಡೈವ್ ಹೇಳುತ್ತೇನೆ. ಸೂಟೂ ಹೊಸದು, ಸೀಲೂ ಹೊಸದು. ಎಡಮಣಿಕಟ್ಟಿನಲ್ಲಿ ಒಳಉಡುಪಿನ ತೋಳಿನ ಅಂಚು ಅರ್ಧ ಬೆರಳಿನಷ್ಟು ಸೀಲಿನ ಕೆಳಗೆ ಸಿಕ್ಕಿಕೊಂಡಿದ್ದನ್ನು ನಾನು ನೋಡಿರಲಿಲ್ಲ. ಆ ಬಟ್ಟೆ ದೀಪದ ಬತ್ತಿಯಂತೆ ನೀರನ್ನು ಹೀರಿ ಹೀರಿ ಒಳಗೆ ಕಳಿಸಿತು. ಇಪ್ಪತ್ತು ನಿಮಿಷಕ್ಕೆ ಮೊಣಕೈವರೆಗೆ ಒದ್ದೆ, ಬೆರಳುಗಳಿಗೆ ಟಾರ್ಚಿನ ಗುಂಡಿ ಒತ್ತುವ ಶಕ್ತಿಯೂ ಇರಲಿಲ್ಲ. ಅಂದಿನಿಂದ ನೀರಿಗಿಳಿಯುವ ಮುನ್ನ ಸಂಗಾತಿಯೊಬ್ಬರಿಂದ ಕುತ್ತಿಗೆ ಮತ್ತು ಎರಡೂ ಮಣಿಕಟ್ಟುಗಳ ಸುತ್ತ ಬೆರಳಾಡಿಸಿ ನೋಡಿಸುತ್ತೇನೆ.

ಜಿಪ್ ಹಿತ್ತಾಳೆಯದಾದರೆ ಮೇಣ, ಪ್ಲಾಸ್ಟಿಕ್ಕಿನದಾದರೆ ಅದರ ಕೊನೆಯ ತುದಿಗೆ ಸಿಲಿಕೋನ್ ಗ್ರೀಸ್. ಎದೆಯ ಮೇಲೆ ಓರೆಯಾಗಿ ಬರುವ ಜಿಪ್ಪನ್ನು ನೀವೇ ಹಾಕಿಕೊಳ್ಳಬಹುದು, ಬೆನ್ನಿನ ಜಿಪ್ಪಿಗೆ ಇನ್ನೊಬ್ಬರು ಬೇಕು.

ಈಗ ನಿಮ್ಮ ರೆಗ್ಯುಲೇಟರ್. ಸಿಲಿಂಡರಿಗೆ ಕೂರುವ ಅದರ ಮೊದಲ ಹಂತದ ಲೋಹದ ಮೇಲೆ ಇಎನ್ 250 ಎಂಬ ಯುರೋಪಿನ ಮಾನಕದ ಗುರುತಿನ ಜೊತೆ "10 ಡಿಗ್ರಿಗಿಂತ ಹೆಚ್ಚು" ಎಂಬ ಅರ್ಥದ ಚಿಹ್ನೆಯಿದೆಯೇ ನೋಡಿ. ಇದ್ದರೆ ಅದು ತಣ್ಣೀರಿಗಲ್ಲ. ರಜೆಯಲ್ಲಿ ಊರಿಗೆ ಹೋದಾಗ ನೇತ್ರಾಣಿಯಲ್ಲಿ ಬಳಸಿ. ಕಾರಣ ಸರಳವಾಗಿದೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಮೊದಲ ಹಂತದಲ್ಲಿ ಸುಮಾರು 10 ಬಾರ್‌ಗೆ ಇಳಿಯುವಾಗ ಹಿಗ್ಗಿ ತೀರ ತಣ್ಣಗಾಗುತ್ತದೆ. ಸುತ್ತಲಿನ ನೀರೇ 6 ಡಿಗ್ರಿಯಿದ್ದರೆ ಅದರಿಂದ ಲೋಹಕ್ಕೆ ಮರಳಿ ಸಿಗುವ ಶಾಖ ಅತ್ಯಲ್ಪವಾಗಿ, ಸ್ಪ್ರಿಂಗಿನ ಸುತ್ತ ಅಥವಾ ಬಾಯಿಯ ಬಳಿಯ ಎರಡನೆಯ ಹಂತದಲ್ಲಿ ಮಂಜು ಕಟ್ಟಿ, ವಾಲ್ವ್ ತೆರೆದಂತೆಯೇ ನಿಂತುಬಿಡುತ್ತದೆ. ಇದನ್ನೇ ಫ್ರೀ ಫ್ಲೋ ಎನ್ನುವುದು. ಗಾಳಿ ಭೋರ್ಗರೆದು ಹೊರಬಂದು, ಆಳದಲ್ಲಿ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಬರಿದಾಗಬಹುದು. ಸ್ಪ್ರಿಂಗಿಗೆ ನೀರು ತಾಗದಂತೆ ಮುಚ್ಚಿದ ಡಯಾಫ್ರಂ ಮಾದರಿಯ ಮೊದಲ ಹಂತ ಮತ್ತು ಲೋಹದ ಭಾಗ ಹೆಚ್ಚಿರುವ ಎರಡನೆಯ ಹಂತವನ್ನು ಆರಿಸಿ. ಎರಡು ಬಾಯಿಯ ವಾಲ್ವ್ ಇರುವ ಸಿಲಿಂಡರಿಗೆ ಎರಡು ಬೇರೆ ಬೇರೆ ಮೊದಲ ಹಂತಗಳನ್ನು ಜೋಡಿಸಿಕೊಂಡರೆ, ಒಂದು ಹೆಪ್ಪುಗಟ್ಟಿದಾಗ ಅದನ್ನು ಮುಚ್ಚಿ ಇನ್ನೊಂದರಲ್ಲಿ ಉಸಿರಾಡಬಹುದು. ಖರ್ಚು ಹೆಚ್ಚು, ಸ್ಕಾಪಾದ ಆಳಕ್ಕೆ ಅದು ದುಂದು ಎಂದು ನನಗೆ ಅನಿಸುವುದಿಲ್ಲ. ಉಪಕರಣ ಎಷ್ಟೇ ಒಳ್ಳೆಯದಿರಲಿ, ಚಳಿಗಾಳಿಯಲ್ಲಿ ದೋಣಿಯ ಮೇಲೆ ಕುಳಿತು ರೆಗ್ಯುಲೇಟರಿನಲ್ಲಿ ಉಸಿರಾಡುತ್ತಿರಬೇಡಿ. ಆಳದ ಒತ್ತಡಕ್ಕೆ ಸೂಟ್ ಮೈಯನ್ನು ಅಮುಕದಂತೆ ಸಿಲಿಂಡರಿನಿಂದ ಅದಕ್ಕೆ ಗಾಳಿ ತುಂಬುವಾಗ ಗುಂಡಿಯನ್ನು ಚಿಕ್ಕ ಚಿಕ್ಕದಾಗಿ ಒತ್ತಿ, ಅದೇ ಕ್ಷಣದಲ್ಲಿ ದೊಡ್ಡ ಉಸಿರು ಎಳೆಯಬೇಡಿ. ಸೂಟಿನ ಹೋಸಿಗಾಗಿ ಮೊದಲ ಹಂತದಲ್ಲಿ ಕಡಿಮೆ ಒತ್ತಡದ ಒಂದು ರಂಧ್ರ ಖಾಲಿಯಿದೆಯೇ ಎಂಬುದನ್ನೂ ಎಣಿಸಿಕೊಳ್ಳಿ.

ಬಿಸಿಡಿಯನ್ನು ಕೂಡಲೇ ಬದಲಾಯಿಸಬೇಕಿಲ್ಲ, ಆದರೆ ಪ್ರವಾಸಕ್ಕೆಂದು ಮಾಡಿದ ಹಗುರವಾದದ್ದಾದರೆ ಅದರ ಎತ್ತುವ ಸಾಮರ್ಥ್ಯ ಸಾಲದಿರಬಹುದು. ಒಳಉಡುಪಿನಲ್ಲಿರುವ ಗಾಳಿಯನ್ನು ಮುಳುಗಿಸಲು ಭಾರ ಹೆಚ್ಚು ಬೇಕು. ನೇತ್ರಾಣಿಯಲ್ಲಿ 4 ಕಿಲೋ ಕಟ್ಟುತ್ತಿದ್ದವರು ಇಲ್ಲಿ 12 ಕಿಲೋ ಕಟ್ಟುವುದು ಅಪರೂಪವಲ್ಲ. ಅಲ್ಲಿನ ಅಲ್ಯುಮಿನಿಯಂ ಸಿಲಿಂಡರ್ ಬರಿದಾದಂತೆ ತೇಲತೊಡಗುತ್ತದೆ, ಇಲ್ಲಿನ 12 ಲೀಟರಿನ ಉಕ್ಕಿನದು ಹಾಗಲ್ಲ, ಹೀಗಾಗಿ ಹಳೆಯ ಲೆಕ್ಕ ಉಪಯೋಗಕ್ಕೆ ಬಾರದು. ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. 230 ಬಾರ್‌ನಿಂದ 50 ಬಾರ್‌ಗೆ ಇಳಿಯುವಷ್ಟರಲ್ಲಿ ಸುಮಾರು 2,160 ಲೀಟರ್, ಅಂದರೆ ಎರಡೂವರೆ ಕಿಲೋದಷ್ಟು ಗಾಳಿಯನ್ನು ನೀವು ಉಸಿರಾಡಿ ಹೊರಬಿಟ್ಟಿರುತ್ತೀರಿ. ಆದ್ದರಿಂದ ಭಾರದ ಪರೀಕ್ಷೆಯನ್ನು ತುಂಬಿದ ಸಿಲಿಂಡರಿನಲ್ಲಲ್ಲ, 50 ಬಾರ್ ಉಳಿದಿರುವಾಗ, 5 ಮೀಟರ್ ಆಳದಲ್ಲಿ, ಬಿಸಿಡಿ ಬಹುತೇಕ ಬರಿದಾಗಿರುವಾಗ ಮಾಡಬೇಕು. ಫಿನ್‌ಗಳು ಮಾತ್ರ ಖಂಡಿತ ಹೊಸದಾಗಬೇಕು, ಡ್ರೈಸೂಟಿನ ಬೂಟು ಹಳೆಯದರಲ್ಲಿ ಹಿಡಿಸುವುದಿಲ್ಲ.

ತಲೆಗೆ 7 ಮಿಲಿಮೀಟರಿನ ಹುಡ್ ಸಾಕು. ಕೈಗೆ ಆರಂಭದಲ್ಲಿ ದಪ್ಪನೆಯ ನಿಯೋಪ್ರೀನ್ ಗ್ಲೌಸ್, ರೂಢಿಯಾದ ಮೇಲೆ ಉಂಗುರಕ್ಕೆ ಸಿಕ್ಕಿಸುವ ಒಣ ಗ್ಲೌಸ್. ಇಷ್ಟಾದ ಮೇಲೂ ಹಡಗುಗಳ ಕಡೆಗೆ ನೇರವಾಗಿ ಹೋಗಬೇಡಿ. ಡ್ರೈಸೂಟ್ ತರಬೇತಿ ಪಡೆದು, ಲಾಕ್ ಲಾಂಗ್‌ನಂಥ ಕಡಲಕೊಲ್ಲಿಗಳಲ್ಲಿ ಕಡಿಮೆ ಆಳದಲ್ಲಿ ಹತ್ತಿಪ್ಪತ್ತು ಡೈವ್ ಮಾಡಿ, ಆಳದ ಡೈವಿಂಗ್ ತರಬೇತಿಯನ್ನೂ ಮುಗಿಸಿ, ಬಳಿಕ ಕ್ರೂಸರ್‌ಗಳಿಂದ ಆರಂಭಿಸಿ. ಯುದ್ಧನೌಕೆಗಳು ನೂರು ವರ್ಷದಿಂದ ಅಲ್ಲೇ ಇವೆ.

ಪ್ರಶ್ನೆ: ನನ್ನ ಮಗ ನಾರ್ವೆಯಲ್ಲಿದ್ದಾನೆ. ಅಲ್ಲಿನ ಕಡಿದಾದ ಕಡಲಕೊಲ್ಲಿಗಳಾದ ಫ್ಯೋರ್ಡ್‌ಗಳಲ್ಲಿ ಡ್ರೈಸೂಟ್ ಹಾಕಿಕೊಂಡು ಇಳಿಯುತ್ತಾನಂತೆ. ಸೂಟ್ ಹರಿದು ನೀರು ತುಂಬಿಕೊಂಡರೆ ಕಲ್ಲಿನಂತೆ ಮುಳುಗಿಬಿಡುವುದಿಲ್ಲವೇ?
— ಓರ್ವ ತಂದೆ, ಶಿರಸಿ

ಉತ್ತರ: ತಮ್ಮ ಆತಂಕ ಸಹಜವಾದದ್ದು, ಆದರೆ ಕಲ್ಲಿನ ಹೋಲಿಕೆ ಸರಿಯಾಗದು. ಬಾವಿಯೊಳಗೆ ಮುಳುಗಿರುವ ತುಂಬಿದ ಕೊಡ ಎಳೆಯುವಾಗ ಹಗುರವಾಗಿದ್ದು, ನೀರಿನಿಂದ ಮೇಲೆದ್ದ ಕೂಡಲೇ ಭಾರವಾಗುವುದನ್ನು ತಾವು ಕಂಡಿರುತ್ತೀರಿ. ಸೂಟಿಗೆ ನುಗ್ಗಿದ ನೀರೂ ಹಾಗೆಯೇ. ನೀರಿನೊಳಗೆ ಅದು ಭಾರವಾಗುವುದಿಲ್ಲ. ಸೂಟಿನಲ್ಲಿದ್ದ ಗಾಳಿ ಹೋದಷ್ಟು ತೇಲುವಿಕೆ ಕಡಿಮೆಯಾಗುತ್ತದೆ, ಅದನ್ನು ಬಿಸಿಡಿಗೆ ಗಾಳಿ ತುಂಬಿ ಸರಿದೂಗಿಸಬಹುದು. ಬಿಸಿಡಿಯ ಸಾಮರ್ಥ್ಯ ಇದಕ್ಕೆ ಸಾಕಾಗುವಷ್ಟಿದೆಯೇ ಎಂದು ಮಗನನ್ನು ಕೇಳಿ. ನಿಜವಾದ ಅಪಾಯವೆಂದರೆ ಚಳಿ ಮತ್ತು ದೋಣಿಯ ಏಣಿ ಹತ್ತುವಾಗಿನ ಭಾರ. ಅದಕ್ಕಿಂತ ನಾನು ಹೆಚ್ಚು ಅಂಜುವುದು ಇದಕ್ಕೆ ತದ್ವಿರುದ್ಧವಾದ ಸ್ಥಿತಿಗೆ: ಸೂಟಿನ ಗಾಳಿಯೆಲ್ಲ ಕಾಲಿನ ಕಡೆಗೆ ಸೇರಿ, ಮನುಷ್ಯ ತಲೆಕೆಳಗಾಗಿ, ಗಾಳಿ ಹಿಗ್ಗುತ್ತಾ ಹೋದಂತೆ ರಭಸದಿಂದ ಮೇಲಕ್ಕೇರುವುದು. ಗಾಳಿ ಹೊರಬಿಡುವ ವಾಲ್ವ್ ಎಡತೋಳಿನ ಮೇಲ್ಭಾಗದಲ್ಲಿರುವುದರಿಂದ ತಲೆಕೆಳಗಾದವನಿಗೆ ಅದು ಉಪಯೋಗಕ್ಕೆ ಬಾರದು. ಮೊಣಕಾಲುಗಳನ್ನು ಎದೆಗೆ ಮಡಚಿ ಪಲ್ಟಿ ಹೊಡೆದು ನೇರವಾಗುವುದನ್ನು ತರಬೇತಿಯಲ್ಲಿ ಕಲಿಸುತ್ತಾರೆ. ಕಲಿತದ್ದನ್ನು ಪ್ರತಿ ವರ್ಷ ಕಡಿಮೆ ಆಳದಲ್ಲಿ ಮತ್ತೆ ಅಭ್ಯಾಸ ಮಾಡುತ್ತಿದ್ದಾನೆಯೇ ಎಂಬುದನ್ನೂ ಜೊತೆಗೇ ವಿಚಾರಿಸಿ.

ಪ್ರಶ್ನೆ: ಬಳಸಿದ ಡ್ರೈಸೂಟನ್ನು ಕಡಿಮೆ ಬೆಲೆಗೆ ಕೊಳ್ಳಬಹುದೇ?
— ಆರ್. ಕೆ., ಗೋಥೆನ್‌ಬರ್ಗ್

ಉತ್ತರ: ಅಳತೆ ಕೂಡಿಬಂದರೆ ಕೊಳ್ಳಬಹುದು. ಸೀಲ್‌ಗಳನ್ನು ಹೇಗೂ ಬದಲಾಯಿಸಬೇಕಾಗುತ್ತದೆಂದು ಆ ಖರ್ಚನ್ನು ಮೊದಲೇ ಕಳೆದು ಬೆಲೆ ಕಟ್ಟಿ. ಜಿಪ್ ಹಾಳಾಗಿದ್ದರೆ ಬಿಟ್ಟುಬಿಡಿ. ಅದನ್ನು ಬದಲಾಯಿಸುವ ಕೂಲಿ ದುಬಾರಿ. ಮಾರುವವರು ಒಪ್ಪಿದರೆ ಕುತ್ತಿಗೆ ಮತ್ತು ಮಣಿಕಟ್ಟಿಗೆ ಚೆಂಡು, ಬಾಟಲಿಗಳನ್ನು ಸಿಕ್ಕಿಸಿ, ಸೂಟಿಗೆ ಹದವಾಗಿ ಗಾಳಿ ತುಂಬಿ, ಹೊಲಿಗೆಗಳ ಮೇಲೆ ಸೋಪಿನ ನೀರು ಸವರಿ. ತೊಡೆಸಂದಿಯ ಹೊಲಿಗೆಯನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿ, ಗುಳ್ಳೆ ಏಳುವುದು ಹೆಚ್ಚಾಗಿ ಅಲ್ಲೇ.