ಮುಳ್ಳಯ್ಯನಗಿರಿಯಲ್ಲಿ ಹಿಮ ಬೀಳುತ್ತಾ ಸಾರ್?

ನವೆಂಬರ್ ಬಂತು ಅಂದರೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮಳೆಗಾಲ ಪೂರ್ತಿ ಕೊಳೆರೋಗ, ಗುಡ್ಡ ಜರಿದದ್ದು, ಕರೆಂಟು. ಈಗ ಬರೀ ಚಳಿ ಮತ್ತು ಹಿಮ. ಹೊಸ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ, ನಾನು ಹವಾಮಾನ ಓದಿದವನಲ್ಲ. ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಅಪ್ಪ ಶುರು ಮಾಡಿದ ಮಳೆ ಪುಸ್ತಕವನ್ನು 34 ವರ್ಷದಿಂದ ನಾನು ಬರೆಯುತ್ತಿದ್ದೇನೆ. ರಾತ್ರಿ ಊಟ ಆದಮೇಲೆ ಫೋನಿನಲ್ಲಿ ಪೆಸಿಫಿಕ್ ಸಾಗರದ ನಕ್ಷೆ ನೋಡುತ್ತಾ ಕೂರುವುದು ಚಟ. ಅದಕ್ಕೆ ಮನೆಯಲ್ಲಿ ಬೈಸಿಕೊಳ್ಳುವುದೂ ಉಂಟು.

ಚಿಕ್ಕಮಗಳೂರಿನಿಂದ ಒಬ್ಬರು: ಸಾರ್, ವಾಟ್ಸಾಪಿನಲ್ಲಿ ಒಂದು ಫೋಟೊ ಓಡಾಡುತ್ತಿದೆ. ಮುಳ್ಳಯ್ಯನಗಿರಿ ದಾರಿಯ ಹುಲ್ಲೆಲ್ಲ ಬೆಳ್ಳಗಾಗಿದೆ. ಈ ಸಲ ಲಾ ನಿನಾ (ಪೆಸಿಫಿಕ್ ಸಾಗರ ತಣ್ಣಗಾಗುವ ವರ್ಷ), ಜನವರಿಯಲ್ಲಿ ಹಿಮ ಗ್ಯಾರಂಟಿ ಅಂತ ಕೆಳಗೆ ಬರೆದಿದ್ದಾರೆ. ನಿಜವಾ?

ಇಲ್ಲ. ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಜೇಡರ ಬಲೆಯ ಮೇಲೆ ಮಣಿ ಮಣಿಯಾಗಿ ನೀರು ಕೂತಿದೆ. ಅದು ಇಬ್ಬನಿ. ಬೆಳಗಿನ ಓರೆ ಬಿಸಿಲಿಗೆ ಬೆಳ್ಳಗೆ ಕಾಣುತ್ತದೆ, ಅಷ್ಟೇ.

ಲೆಕ್ಕ ನೋಡಿ. ಮುಳ್ಳಯ್ಯನಗಿರಿ 1,930 ಮೀಟರ್. ನಮ್ಮ ರಾಜ್ಯಕ್ಕೆ ಅದೇ ಎತ್ತರ. ಪೇಟೆ ಇರುವುದು ಸುಮಾರು 1,090 ಮೀಟರಿನಲ್ಲಿ. ಒಂದು ಕಿಲೋಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಪೇಟೆಯಲ್ಲಿ 13 ಡಿಗ್ರಿ ಇದ್ದರೆ ಬೆಟ್ಟದ ತಲೆಯಲ್ಲಿ ಏಳೆಂಟು. ದಕ್ಷಿಣ ಭಾರತದ ಆಕಾಶದಲ್ಲಿ ಚಳಿಗಾಲದಲ್ಲೂ ಸೊನ್ನೆ ಡಿಗ್ರಿ ಸಿಗುವುದು ನಾಲ್ಕೂವರೆ, ಐದು ಕಿಲೋಮೀಟರ್ ಮೇಲೆ. ಮುಳ್ಳಯ್ಯನಗಿರಿಯ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಲ್ಲಿಗೆ ಮುಟ್ಟುವುದಿಲ್ಲ. ಮೇಲೆ ಹುಟ್ಟಿದ ಹಿಮ ಕೆಳಗಿಳಿಯುವಷ್ಟರಲ್ಲಿ ಮಳೆ ಹನಿಯಾಗಿ ಬಿಡುತ್ತದೆ.

ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಗಡಗಡ ನಡುಗಿಸುವ ಚಳಿ ಬರುವುದು ಆಕಾಶ ತೊಳೆದಿಟ್ಟ ಹಾಗಿರುವ, ಗಾಳಿ ಆಡದ ರಾತ್ರಿಯಲ್ಲಿ. ಹಿಮ ಬೀಳಬೇಕಾದರೆ ಮೋಡ ಬೇಕು. ಮೋಡ ಬಂತೋ, ಕಂಬಳಿ ಹೊದಿಸಿದ ಹಾಗೆ ನೆಲ ಬೆಚ್ಚಗಾಗುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. 2,240 ಮೀಟರ್ ಎತ್ತರದ ಊಟಿಯಲ್ಲೂ ಡಿಸೆಂಬರ್, ಜನವರಿಯಲ್ಲಿ ಹುಲ್ಲು ಬೆಳ್ಳಗಾಗುವುದು ನೆಲದಲ್ಲೇ ಹೆಪ್ಪುಗಟ್ಟಿದ ಇಬ್ಬನಿಯಿಂದ. ಮೇಲಿನಿಂದ ಬಿದ್ದದ್ದಲ್ಲ. ಟಿವಿಯವರು ಅದನ್ನೂ 'ಹಿಮಪಾತ' ಅಂದುಬಿಡುತ್ತಾರೆ. ಪಾಪ, ತಪ್ಪು ಪೂರ್ತಿ ಅವರದ್ದಲ್ಲ. ನಾವೇ ದಾರಿ ಮುಚ್ಚುವುದಕ್ಕೂ ಮಂಜು ಅನ್ನುತ್ತೇವೆ, ಹುಲ್ಲಿನ ಮೇಲಿನ ನೀರಿಗೂ ಮಂಜು, ಕಾಶ್ಮೀರದಲ್ಲಿ ಬೀಳುವುದಕ್ಕೂ ಮಂಜು. ಇನ್ನು ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಂದು ಅಂಗಳ ಬೆಳ್ಳಗಾದರೆ ಅದರ ಫೋಟೊ ಜನವರಿಯಲ್ಲಿ ಹಿಮವಾಗಿ ವಾಪಸ್ ಬರುತ್ತದೆ ಮಾರಾಯ್ರೆ.

ಮೂಡಿಗೆರೆಯಿಂದ ಒಬ್ಬ ಬೆಳೆಗಾರರು: ಲಾ ನಿನಾ ವರ್ಷ ಅಂದರೆ ಹಿಂಗಾರು ಕಮ್ಮಿ, ಕಣದಲ್ಲಿ ಕಾಫಿ ಒಣಗಿಸಲು ತೊಂದರೆ ಇಲ್ಲ ಅಂತ ನಮ್ಮ ಮಾವನವರು ಹೇಳುತ್ತಾರೆ. ನಂಬಬಹುದಾ? ಕಾಫಿ ಒಣಗಿಸುವ ಡ್ರೈಯರ್ ಯಂತ್ರ ತರುವುದು ಬೇಡವಾ?

ನಿಮ್ಮ ಮಾವನವರು ಹೇಳಿದ್ದು ಸುಳ್ಳಲ್ಲ. ಪೆಸಿಫಿಕ್ ಸಾಗರದಲ್ಲಿ ಸಮಭಾಜಕದ ಹತ್ತಿರ, ನಡುಭಾಗ ಮತ್ತು ಪೂರ್ವಕ್ಕೆ, ನೀರು ವಾಡಿಕೆಗಿಂತ ಅರ್ಧ ಡಿಗ್ರಿಗೂ ಜಾಸ್ತಿ ತಣ್ಣಗಾಗಿ ತಿಂಗಳುಗಟ್ಟಲೆ ಹಾಗೇ ಇದ್ದರೆ ಲಾ ನಿನಾ. ಬಿಸಿಯಾದರೆ ಎಲ್ ನಿನೊ. ಲಾ ನಿನಾ ವರ್ಷಗಳಲ್ಲಿ ತಮಿಳುನಾಡು ಕಡೆ ಹಿಂಗಾರು ಸೊರಗುವುದು ಜಾಸ್ತಿ. ಉತ್ತರ ಭಾರತದಲ್ಲಿ ಚಳಿ ಬಿಗಿಯಾಗುವುದೂ ಉಂಟು. ಇದೆಲ್ಲ ನಾನೂ ಓದಿದ್ದೆ.

2021ರಲ್ಲಿ ಅದನ್ನೇ ನಂಬಿ ಕೆಟ್ಟೆ. ಆ ವರ್ಷ ಲಾ ನಿನಾ. ಅಕ್ಟೋಬರಿನಲ್ಲೇ ಪಕ್ಕದ ತೋಟದವರಿಗೆಲ್ಲ 'ಈ ಸಲ ಹಿಂಗಾರು ಇಲ್ಲ, ಆರಾಮಾಗಿರಿ' ಅಂತ ಹೇಳಿಕೊಂಡು ತಿರುಗಿದೆ. ಹೊಸ ಟಾರ್ಪಾಲು ತರಲಿಲ್ಲ. ನವೆಂಬರ್ ಬಂತು. ದಕ್ಷಿಣ ಭಾರತದಲ್ಲಿ ಯಾವ ನವೆಂಬರಿನಲ್ಲೂ ಕಾಣದಂಥ ಮಳೆ. ಅರೇಬಿಕಾ ಗಿಡದಲ್ಲೇ ಒಡೆದು ಉದುರಿತು. ಕುಯ್ದದ್ದು ಕಣದಲ್ಲಿ ಬೂಸ್ಟು ಹಿಡಿಯಿತು. ಹಳೇ ಟಾರ್ಪಾಲಿನ ತೂತುಗಳನ್ನು ನಾನು ಆ ತಿಂಗಳು ಎಣಿಸಿದಷ್ಟು ಯಾವತ್ತೂ ಎಣಿಸಿಲ್ಲ. ಪಕ್ಕದ ತೋಟದ ಗೌಡರು ಈಗಲೂ ನನ್ನನ್ನು ಕಂಡರೆ 'ಏನ್ ಸ್ವಾಮಿ, ನಿಮ್ಮ ಪೆಸಿಫಿಕ್ ಹೇಗಿದೆ?' ಅನ್ನುತ್ತಾರೆ.

ನಾನು ಎಡವಿದ್ದು ಎಲ್ಲಿ? ಆರು ತಿಂಗಳು ಮೊದಲು ಸಿಗುವ ಮುನ್ಸೂಚನೆ ತಾರೀಖು ಹೇಳುವುದಿಲ್ಲ. ಚೌಕಾಬಾರದ ಕವಡೆಯ ಒಂದು ಬದಿಗೆ ಚೂರು ಅರಗು ಮೆತ್ತಿದರೆ ಹೇಗೋ ಹಾಗೆ. ಆ ಬದಿ ಸ್ವಲ್ಪ ಜಾಸ್ತಿ ಸಲ ಬೀಳುತ್ತದೆ, ಪ್ರತಿ ಸಲ ಅಲ್ಲ. ಹವಾಮಾನದವರು ಕಮ್ಮಿ, ವಾಡಿಕೆ, ಜಾಸ್ತಿ ಅಂತ ಮೂರು ಪಾಲು ಮಾಡುತ್ತಾರೆ. ಏನೂ ಗೊತ್ತಿಲ್ಲದಾಗ ಒಂದೊಂದಕ್ಕೂ ನೂರರಲ್ಲಿ 33. ಕಮ್ಮಿ ಮಳೆಗೆ 45 ಅಂದರು ಅಂತಿಟ್ಟುಕೊಳ್ಳಿ. ನಮ್ಮ ಕಿವಿಗೆ ಅದು 'ಮಳೆ ಕಮ್ಮಿ' ಅಂತ ಕೇಳಿಸುತ್ತದೆ. ಉಳಿದ 55 ಎಲ್ಲಿಗೆ ಹೋಯಿತು? ನನ್ನ ಕಣಕ್ಕೆ ಬಂತು.

ಡ್ರೈಯರ್ ವಿಷಯ ನಿಮ್ಮ ಕೈಯಲ್ಲಿರುವ ದುಡ್ಡಿಗೆ ಬಿಟ್ಟದ್ದು. ಕುಯ್ಲಿನ ಸಮಯದಲ್ಲಿ ನಾನು ಈಗ ನೋಡುವುದು ಎರಡೇ. ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಅಂದಾಜು ಕೊಡುತ್ತದೆ. ಅದರಲ್ಲಿ ಮೊದಲೆರಡು ವಾರ. ಆಮೇಲೆ ಐದು ದಿನದ್ದು. ಆಳು ಕರೆಯುವುದು ಐದು ದಿನದ್ದನ್ನು ನೋಡಿಯೇ.

ಹಾಸನದಿಂದ ಒಬ್ಬ ನಿವೃತ್ತ ಬ್ಯಾಂಕ್ ನೌಕರರು: ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಡಿಸೆಂಬರ್ 20ಕ್ಕೆ ಹೋಗಿ ಜನವರಿ 5ಕ್ಕೆ ವಾಪಸ್ ಅಂತ ಯೋಚನೆ. ನನ್ನ ಹೆಂಡತಿಗೆ ಒಂದು ಸಲ ಹಿಮ ನೋಡುವ ಆಸೆ. ಅಳಿಯಂದಿರು ದಿನಾ ಯಾವುದೋ ನಕ್ಷೆ ನೋಡುತ್ತಾರೆ. ಒಂದು ದಿನ 'ಅತ್ತೆ, ಕ್ರಿಸ್‌ಮಸ್‌ಗೆ ಹಿಮ ಇದೆ' ಅಂತಾರೆ, ಮಾರನೇ ದಿನ ಇಲ್ಲ ಅಂತಾರೆ. ಟಿಕೆಟ್ ಮಾಡಿಸಲಾ?

ನಿಮ್ಮ ಅಳಿಯಂದಿರಿಗೆ ನನ್ನದೇ ಕಾಯಿಲೆ. ಅವರು ನೋಡುವುದು ಬಹುಶಃ ಅಮೆರಿಕದ ಜಿಎಫ್‌ಎಸ್, ಅಂದರೆ ಕಂಪ್ಯೂಟರಿನಲ್ಲಿ ಹವಾಮಾನ ಲೆಕ್ಕ ಹಾಕುವ ಒಂದು ಮಾದರಿ. ಅದು ದಿನಕ್ಕೆ ನಾಲ್ಕು ಸಲ ಲೆಕ್ಕ ಹಾಕಿ 16 ದಿನದವರೆಗೆ ನಕ್ಷೆ ಕೊಡುತ್ತದೆ. ಹಿಮದ ಹುಚ್ಚಿನವರ ಕಣ್ಣು ಹೋಗುವುದು ಸೀದಾ ಕೊನೆಯ ನಕ್ಷೆಗೆ. ಬೆಳಿಗ್ಗೆ ಅಲ್ಲಿ ಹಿಮ ಇರುತ್ತದೆ, ಮಧ್ಯಾಹ್ನದ ಲೆಕ್ಕದಲ್ಲಿ ಇರುವುದಿಲ್ಲ. ಎಡ್ವರ್ಡ್ ಲೊರೆಂಜ್ ಅನ್ನುವ ವಿಜ್ಞಾನಿ 1960ರ ದಶಕದಲ್ಲೇ ಇದರ ಗುಟ್ಟು ಹೇಳಿದರು. ಇವತ್ತಿನ ಅಳತೆಯಲ್ಲಿ ಒಂದು ಕೂದಲೆಳೆ ವ್ಯತ್ಯಾಸ ಇದ್ದರೂ ಅದು ದಿನದಿಂದ ದಿನಕ್ಕೆ ಬೆಳೆದು ಸುಮಾರು ಎರಡು ವಾರದಲ್ಲಿ ಲೆಕ್ಕವನ್ನೇ ನುಂಗುತ್ತದೆ. ಅದಕ್ಕೇ ದೊಡ್ಡ ಕೇಂದ್ರಗಳು ಆರಂಭವನ್ನು ಚೂರು ಚೂರು ಬದಲಿಸಿ ಅದೇ ಲೆಕ್ಕವನ್ನು ಹತ್ತಾರು ಸಲ ಓಡಿಸುತ್ತವೆ. ಯೂರೋಪಿನ ಕೇಂದ್ರದಲ್ಲಿ ಅಂಥವು 50ಕ್ಕೂ ಜಾಸ್ತಿ. ಐವತ್ತರಲ್ಲಿ ಎಷ್ಟು ಹಿಮ ತೋರಿಸುತ್ತವೆ ಅಂತ ನೋಡಲು ಅಳಿಯಂದಿರಿಗೆ ಹೇಳಿ. ಒಂದೇ ನಕ್ಷೆಯ ಬೆನ್ನು ಹತ್ತಿದರೆ ನಿದ್ದೆ ಹಾಳು.

ಇನ್ನು ಕ್ರಿಸ್‌ಮಸ್ ಹಿಮ. ಬ್ರಿಟನ್ನಿನ ಹವಾಮಾನ ಕಚೇರಿಯವರ ಲೆಕ್ಕದಲ್ಲಿ ಡಿಸೆಂಬರ್ 25ರ 24 ಗಂಟೆಯಲ್ಲಿ ಎಲ್ಲಾದರೂ ಒಂದೇ ಒಂದು ಹಿಮದ ಹಕ್ಕಳೆ ಬಿದ್ದದ್ದು ಕಂಡರೂ 'ಬಿಳಿ ಕ್ರಿಸ್‌ಮಸ್' ಆಯಿತು. ನಿಮ್ಮ ಮನೆಯವರು ಅದನ್ನು ನೋಡಲು ಅಷ್ಟು ದೂರ ಹೋಗುತ್ತಿಲ್ಲ ಅಲ್ವಾ? ನೆಲವೆಲ್ಲ ಬೆಳ್ಳಗಾದ ಕ್ರಿಸ್‌ಮಸ್ ಅಂದರೆ 2010ರದ್ದು. ಅವತ್ತು ಅಲ್ಲಿನ 83 ಶೇಕಡಾ ಕೇಂದ್ರಗಳಲ್ಲಿ ನೆಲದ ಮೇಲೆ ಹಿಮ ಇತ್ತು. ಅದು ತೀರಾ ಅಪರೂಪ. ಆ ದಿನ ಹಿಮ ಬೀಳುತ್ತಾ ಅಂತ ಅವರೇ ಗಟ್ಟಿಯಾಗಿ ಹೇಳುವುದು ಐದು ದಿನ ಮೊದಲು. ನೀವು ಆಗಲೇ ವಿಮಾನ ಹತ್ತಿರುತ್ತೀರಿ.

ಅಲ್ಲಿ ಎಲ್ಲ ಗಾಳಿಯ ದಿಕ್ಕಿನ ಆಟ. ಪಶ್ಚಿಮದಿಂದ ಅಟ್ಲಾಂಟಿಕ್ ಗಾಳಿ ಬಂದರೆ ಮಳೆ, ಕೆಸರು. ಪೂರ್ವದಿಂದ, ರಷ್ಯಾ ಕಡೆಯಿಂದ ಬೀಸಿದರೆ ಹಿಮ. ಆ ಗಾಳಿ ತಿರುಗುವ ಸೂಚನೆ ಕೆಲವು ಸಲ ಬಹಳ ಮೇಲೆ ಸಿಗುತ್ತದೆ. ಉತ್ತರ ಧ್ರುವದ ಮೇಲೆ 30 ಕಿಲೋಮೀಟರ್ ಎತ್ತರದಲ್ಲಿ ಗಾಳಿ ನಾಲ್ಕೈದು ದಿನದಲ್ಲಿ 50 ಡಿಗ್ರಿಯವರೆಗೂ ಬಿಸಿಯಾಗಿ ಬಿಡುತ್ತದೆ. ಮೇಲೆ ಬಿಸಿಯಾದರೆ ಎರಡು ಮೂರು ವಾರದಲ್ಲಿ ಕೆಳಗೆ ಚಳಿ ಬರುವ ಸಾಧ್ಯತೆ ಹೆಚ್ಚು. ವಿಚಿತ್ರ ಅನ್ನಿಸಿದರೂ ನಿಜ. 2018ರ ಫೆಬ್ರವರಿ ನಡುವಿಗೆ ಹೀಗೆ ಆಯಿತು, ತಿಂಗಳ ಕೊನೆಗೆ ಬ್ರಿಟನ್ ಹಿಮದಲ್ಲಿ ಹೂತುಹೋಯಿತು. ಆದರೆ ಮೇಲೆ ಬಿಸಿಯಾದ ಪ್ರತಿ ಸಲವೂ ಹೀಗಾಗುವುದಿಲ್ಲ.

ಅಲ್ಲಿ ಡಿಸೆಂಬರಿಗಿಂತ ಜನವರಿಯಿಂದ ಮಾರ್ಚಿನವರೆಗೆ ಹಿಮ ಜಾಸ್ತಿ. ಹಿಮವೇ ಮುಖ್ಯವಾದರೆ ಪ್ರಯಾಣ ಫೆಬ್ರವರಿಗೆ ಹಾಕಿ, ಎರಡು ದಿನ ಸ್ಕಾಟ್ಲೆಂಡಿನ ಬೆಟ್ಟದ ಕಡೆಗೂ ಹೋಗಿ. ಮಗಳೇ ಮುಖ್ಯವಾದರೆ ಡಿಸೆಂಬರಿಗೇ ಮಾಡಿಸಿ, ಅವಳಿಗೆ ರಜ ಇರುತ್ತದೆ. ಗುಲ್ಮಾರ್ಗಿಗೆ ಹೋದರೆ ಹಿಮ ಖಂಡಿತ ಅಂತ ಯಾರಾದರೂ ಹೇಳಿದರೆ 2024ರ ಜನವರಿ ನೆನಪಿಸಿ. ಆ ತಿಂಗಳ ಬಹುಪಾಲು ಅಲ್ಲಿ ಬರೀ ಒಣ ಹುಲ್ಲು. ಸ್ಕೀ ಕಟ್ಟಿಕೊಂಡು ಬಂದವರು ಕುದುರೆ ಹತ್ತಿ ಹೋದರು.

ಸಕಲೇಶಪುರದಿಂದ ಒಬ್ಬರು: ಶಿವರಾತ್ರಿ ಕಳೆದರೆ ಚಳಿ 'ಶಿವ ಶಿವಾ' ಅಂತ ಹೋಗುತ್ತದೆ ಅನ್ನುತ್ತಾರೆ. ಇದಕ್ಕೆ ಆಧಾರ ಇದೆಯಾ?

ನನ್ನ ಪುಸ್ತಕ ಇದೆ. ಶಿವರಾತ್ರಿ ಒಂದು ವರ್ಷ ಫೆಬ್ರವರಿ ಮಧ್ಯಕ್ಕೆ, ಇನ್ನೊಂದು ವರ್ಷ ಮಾರ್ಚ್ ಎರಡನೇ ವಾರಕ್ಕೆ ಬೀಳುತ್ತದೆ. ಮಾರ್ಚಿನಲ್ಲಿ ಬಂದ ವರ್ಷ ಗಾದೆ ಸುಲಭವಾಗಿ ಗೆಲ್ಲುತ್ತದೆ, ಅಷ್ಟರಲ್ಲಿ ಚಳಿ ಹೋಗಿ ವಾರಗಳೇ ಆಗಿರುತ್ತವೆ. ಬೇಗ ಬಂದ ವರ್ಷ ಸ್ವೆಟರ್ ಇನ್ನೊಂದು ವಾರ ಹೊರಗೇ ಇರಲಿ. ಆದರೂ ನೂರಾರು ವರ್ಷದ ಸರಾಸರಿಯನ್ನು ಒಂದೇ ಸಾಲಿನಲ್ಲಿ ಹೇಳುವ ಇಂಥ ಮುನ್ಸೂಚನೆಯನ್ನು ಸೋಲಿಸಲು ಕಂಪ್ಯೂಟರಿಗೂ ಕಷ್ಟವೇ.

ಹಾಸನದ ನಿವೃತ್ತ ಮೇಷ್ಟ್ರು: ನಮ್ಮಲ್ಲಿ ಬೀಳದ ಹಿಮದ ಬಗ್ಗೆ ನಿಮಗೆ ಇಷ್ಟೊಂದು ತಲೆಬಿಸಿ ಯಾಕೆ? ಜೋಳ, ರಾಗಿ ವಿಷಯ ಬರೆಯಿರಿ.

ಮೇಷ್ಟ್ರೇ, ನಿಮ್ಮ ರಾಗಿಯ ವಿಷಯವೇ ಇದು. ಧಾತು, ಈಶ್ವರ ಸಂವತ್ಸರದ ಬರದ ಕಥೆ ನೀವೂ ಅಜ್ಜಿಯಿಂದ ಕೇಳಿರುತ್ತೀರಿ, ಅಂದರೆ 1876ರಿಂದ 78. ಮೈಸೂರು ಸೀಮೆ ಹಾಳಾಗಿ ಹೋಯಿತು. ಆಮೇಲೆ ಬ್ರಿಟಿಷ್ ಸರ್ಕಾರ, ಮಳೆ ಕೈಕೊಡುವುದನ್ನು ಮೊದಲೇ ಹೇಳಲು ಆಗುತ್ತದಾ ಅಂತ ಹವಾಮಾನ ಇಲಾಖೆಯನ್ನು ಕೇಳಿತು. ಇಲಾಖೆ ಹುಟ್ಟಿದ್ದೇ 1875ರಲ್ಲಿ. ಅದರ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಡಿದುಕೊಂಡದ್ದು ಹಿಮಾಲಯದ ಹಿಮವನ್ನು. ಚಳಿಗಾಲದಲ್ಲಿ, ವಸಂತದಲ್ಲಿ ಅಲ್ಲಿ ಹಿಮ ಜಾಸ್ತಿ ಬಿದ್ದರೆ ಬೇಸಿಗೆಯಲ್ಲಿ ನೆಲ ಕಾಯಲು ತಡ, ಮುಂಗಾರು ಮಂಕು ಅನ್ನುವುದು ಅವರ ತರ್ಕ. 1886ರಲ್ಲಿ ಅದರ ಮೇಲೆ ಮುಂಗಾರಿನ ಮುನ್ಸೂಚನೆ ಶುರುವಾಯಿತು. ಹಾಸನದ ಹೊಲದ ಮಳೆಯನ್ನು ಹಿಮಾಲಯದ ಹಿಮದಲ್ಲಿ ಹುಡುಕಿದರು.

ನಮ್ಮವರೂ ಚಳಿಗಾಲದ ಆಕಾಶವನ್ನೇ ನೋಡುತ್ತಿದ್ದರು. ಮೋಡ ಗರ್ಭ ಕಟ್ಟಿದ 195 ದಿನಕ್ಕೆ ಮಳೆ ಅಂತ ವರಾಹಮಿಹಿರ ಆರನೇ ಶತಮಾನದಲ್ಲೇ ಬರೆದಿದ್ದಾನೆ. ಡಿಸೆಂಬರ್ ನಡುವಿನಿಂದ ಎಣಿಸಿದರೆ ಜೂನ್ ಕೊನೆ ಸಿಗುತ್ತದೆ.

ಬ್ಲ್ಯಾನ್‌ಫರ್ಡ್ ಸೂತ್ರ ಬಹಳ ದಿನ ಬಾಳಲಿಲ್ಲ. 1904ರಲ್ಲಿ ಇಲಾಖೆಯ ಮುಖ್ಯಸ್ಥರಾಗಿ ಬಂದ ಗಿಲ್ಬರ್ಟ್ ವಾಕರ್ ಇಡೀ ಭೂಮಿಯ ಅಂಕಿ ಜೋಡಿಸಿ ನೋಡಿದರು. ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುವ ತೂಗಾಟ ಸಿಕ್ಕಿತು. ಇವತ್ತು ನಾವು ಎಲ್ ನಿನೊ, ಲಾ ನಿನಾ ಅಂತ ಬಾಯಿ ತುಂಬ ಆಡುವ ಮಾತಿನ ಬೇರು ಅಲ್ಲಿದೆ. ಅದಾದ ಮೇಲೂ 2002ರಲ್ಲಿ ಇಲಾಖೆ 16 ಅಂಶ ಹಿಡಿದು ಮಾಡಿದ ಮಾದರಿ ವಾಡಿಕೆ ಮಳೆ ಅಂದಿತು, ಬಂದದ್ದು ವಾಡಿಕೆಯ 81 ಶೇಕಡಾ. ಮರುವರ್ಷ ಆ ಮಾದರಿಯನ್ನೇ ಬಿಟ್ಟರು. ತಪ್ಪಾದಾಗ ಬಿಡುವ ಧೈರ್ಯ ನನಗಿಷ್ಟ. ನಮ್ಮ ವಾಟ್ಸಾಪ್ ಪಂಡಿತರು ಬಿಟ್ಟದ್ದು ನಾನು ಕಂಡಿಲ್ಲ.

ಬೇಲೂರಿನಿಂದ ಒಬ್ಬ ಪಿಯುಸಿ ವಿದ್ಯಾರ್ಥಿ: ನಾನೂ ಮಳೆ, ಚಳಿ ದಾಖಲೆ ಬರೆಯಬೇಕು ಸಾರ್. ಹೇಗೆ ಶುರು ಮಾಡಲಿ?

ಬಹಳ ಸಂತೋಷ ಕಣಪ್ಪ. ದುಡ್ಡು ಜಾಸ್ತಿ ಬೇಡ. ದಿನದ ಹೆಚ್ಚು ಕಮ್ಮಿ ಎರಡನ್ನೂ ತೋರಿಸುವ ಥರ್ಮಾಮೀಟರ್ ಒಂದು ತಗೋ. ಗೋಡೆಗೆ ಮೊಳೆ ಹೊಡೆದು ನೇತು ಹಾಕಬೇಡ, ಗೋಡೆ ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ನೆಲದಿಂದ ನಾಲ್ಕಡಿ ಎತ್ತರ, ನೆರಳು, ಗಾಳಿ ಆಡುವ ಜಾಗ. ಅದೇ ರಾತ್ರಿ ಹುಲ್ಲಿನ ಮೇಲೆ ಇನ್ನೊಂದು ಇಟ್ಟು ನೋಡು, ನಾಲ್ಕೈದು ಡಿಗ್ರಿ ಕಮ್ಮಿ ತೋರಿಸಬಹುದು. ಇಬ್ಬನಿಯ ಗುಟ್ಟು ಅಲ್ಲೇ ತಿಳಿಯುತ್ತದೆ.

ಮಳೆಗೆ ಮಾಪಕ ಸಿಗುತ್ತದೆ. ಸಿಗದಿದ್ದರೆ ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿ ಸಾಕು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆ, ಇಲಾಖೆಯವರ ಹೊತ್ತೂ ಅದೇ. ತೋಟದವರು ನಾವು ಇಂಚು, ಸೆಂಟಿನಲ್ಲಿ ಬರೆಯುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನೀನು ಮಿಲಿಮೀಟರಿನಲ್ಲೇ ಬರೆ, ಲೆಕ್ಕ ಸುಲಭ. ಮಳೆ ಬರದ ದಿನ ಸೊನ್ನೆ ಬರೆಯಲೇಬೇಕು. ಅಳೆಯಲು ಮರೆತ ದಿನ ಮಾತ್ರ ಖಾಲಿ ಬಿಡು. ಅಂದಾಜಿನಲ್ಲಿ ತುಂಬಬೇಡ. ನನ್ನ ಪುಸ್ತಕದಲ್ಲಿ ಮಗನ ಮದುವೆಯ ವಾರ ಪೂರ್ತಿ ಖಾಲಿ ಇದೆ. ಚಪ್ಪರ ನೆನೆದದ್ದು ಮಾತ್ರ ಚೆನ್ನಾಗಿ ನೆನಪಿದೆ.